ಮೊದಲ ನಾಲ್ಕು ಅಕ್ಷರ

ಡುಲೂತಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನನ್ನದೊಂದು ಮೇಜು.
ಮಂಗಳವಾರ, ಗುರುವಾರ. ಸಂಬಳವಿಲ್ಲ, ಕಾಫಿ ಉಂಟು.
ಜನ ಬೂಟಿನ ಹಿಮ ಕೊಡವಿ ಬಂದು ಕೂರುತ್ತಾರೆ,
ನಾನು ಅವರ ತೆರಿಗೆ ಲೆಕ್ಕ ತುಂಬಿ ಕಳಿಸುತ್ತೇನೆ.

ಆರ್ಡಿಸ್ ಕ್ವಾಮ್, ಶಾಲೆಯ ಬಸ್ಸು ಓಡಿಸುವವಳು,
ವರ್ಷಾವರ್ಷವೂ ಅದೇ ಹಸಿರು ಫೈಲು.
ಮಂಗಳವಾರ ಕಳಿಸಿದ್ದು ಬುಧವಾರ ತಿರುಗಿ ಬಂತು:
ಈ ಸಂಖ್ಯೆಯ ಲೆಕ್ಕ ಆಗಲೇ ಬಂದಾಗಿದೆ.

ಕರೆಸಿ ಹೇಳಿದೆ. ಮೊದಲು ನಕ್ಕಳು.
"ನಾನೆಲ್ಲಿ ಕೊಟ್ಟೆ? ಇಲ್ಲೇ ಇದ್ದೇನಲ್ಲ."
ಇದ್ದಾಳೆ, ಎದುರಿಗೇ, ಚಳಿಗೆ ಮೂಗು ಕೆಂಪಾಗಿ,
ಕೈಚೀಲ ತೊಡೆಯ ಮೇಲೆ.
ಆದರೆ ಇನ್ನೊಬ್ಬಳು ಆರ್ಡಿಸ್ ಮುಂಚೆಯೇ ಬಂದು
ಇವಳ ಒಂಬತ್ತು ಅಂಕಿ ಒಪ್ಪಿಸಿ
ನಾಲ್ಕು ಸಾವಿರದ ಮುನ್ನೂರು ಡಾಲರ್ ಎಣಿಸಿಕೊಂಡು ಹೋಗಿದ್ದಾಳೆ.
ಮೊಸರು ತಿಂದ ಬಾಯಿ ಯಾವುದೋ,
ಒರೆಸಿದ್ದು ಇವಳ ಬಾಯಿಗೆ.

ಮುಂದಿನದೆಲ್ಲ ಬರೀ ಕೆಲಸ. ಇದಕ್ಕೂ ಒಂದು ಫಾರಂ ಇದೆ,
ನಾನು ನಾನೇ ಎಂದು ಪ್ರಮಾಣ ಮಾಡಿ ಸಹಿ ಹಾಕುವುದು.
ಲೆಕ್ಕ ಈ ಸಲ ಕಾಗದದ ಮೇಲೆ, ಅಂಚೆಯಲ್ಲಿ.
ಸಾಲದ ದಾಖಲೆ ಇಡುವ ಮೂರು ಕಂಪನಿಗೂ ಹೇಳಿ ಬೀಗ.
ಠಾಣೆಯ ಹುಡುಗ ಅವಳ ಹೆಸರನ್ನು
ಎರಡು ಸಲ ತಪ್ಪು ಬರೆದ;
ಮೂರನೆಯ ಸಲಕ್ಕೆ ಪೆನ್ನು ಇವಳೇ ಇಸಿದುಕೊಂಡಳು.

ಒಂದು ಮಾತು ನಾನು ಅಂದು ಹೇಳಲಿಲ್ಲ.
ಮೂವತ್ತೊಂದು ವರ್ಷ ಈ ಊರಿನ ಅಂಚೆ ಹಂಚಿದವನು ನಾನು.
ಅದರ ಹಿಂದಿನ ಜನವರಿ, ಕೆಲಸದಲ್ಲಿ ನನ್ನ ಕೊನೆಯ ಜನವರಿ,
ಅವಳ ಸಂಬಳದ ವಿವರದ ಲಕೋಟೆಯನ್ನು
ಕೀಲು ಮುರಿದ ಡಬ್ಬಿಗೆ ಹಾಕಿದ್ದು ಈ ಕೈ.
ಮುಚ್ಚಳ ದಣಿದ ನಾಯಿಯ ನಾಲಗೆಯ ಹಾಗೆ ಜೋತಿತ್ತು.
ಕದ ತಟ್ಟಿ ಹೇಳಬಹುದಿತ್ತು.
ಇನ್ನೂ ಇನ್ನೂರು ಮನೆ ಬಾಕಿ ಇತ್ತು.
ಅಲ್ಲಿಂದಲೇ ಹೋಯಿತೆಂದು ಯಾರು ಹೇಳಿದರು?
ಯಾರೂ ಹೇಳಿಲ್ಲ. ಅದೇ ತೊಂದರೆ.

ಅಕ್ಟೋಬರಿನಲ್ಲಿ ಕಳ್ಳಲೆಕ್ಕದ ನಕಲು ಬಂತು, ಕೇಳಿ ತರಿಸಿದ್ದು.
ಮುಕ್ಕಾಲು ಪಾಲು ಕಪ್ಪು ಮಸಿ.
ಕೆಲಸ: ನರ್ಸು. ಊರು: ಇವಳು ಕಾಣದ ಯಾವುದೋ ಬಿಸಿಲೂರು.
ಮಕ್ಕಳು: ಇಬ್ಬರು.
ಆರ್ಡಿಸ್‌ಗೆ ಮಕ್ಕಳಿಲ್ಲ. ಬೆಕ್ಕಿದೆ, ಅದಕ್ಕೂ ವಯಸ್ಸಾಯಿತು.
ಮಸಿಯಿಂದಾಚೆ ಇಣುಕಿದ್ದು
ಹೆಸರಿನ ಮೊದಲ ನಾಲ್ಕು ಅಕ್ಷರ,
ಕಂಬಳಿಯಿಂದ ತಲೆಯಷ್ಟೇ ಹೊರಗಿಟ್ಟು ಮಲಗಿದವರಂತೆ.

ದುಡ್ಡು ಬರುತ್ತೆ, ತಿಂಗಳುಗಟ್ಟಲೆ ಕಾಯಬೇಕು, ಅಂದೆ.
ಕೇಳಿಸಿಕೊಳ್ಳಲಿಲ್ಲ.
"ಈ ಮಕ್ಕಳ ಸಂಖ್ಯೆಯೂ ಕದ್ದದ್ದೇ ಅಲ್ಲವಾ?
ಇವರ ತಾಯಿಗೆ ಯಾರಾದರೂ ಹೇಳಿದ್ದಾರಾ?"
ಹದಿನೆಂಟು ತುಂಬಿ ಮೊದಲ ಸಾಲ ಕೇಳಲು ಹೋದಾಗ
ತಾನಾಗಿ ಗೊತ್ತಾಗುತ್ತೆ, ಅಂದುಬಿಟ್ಟೆ.
ಅನ್ನಬಾರದಿತ್ತು. ದಿನವೂ ನಲವತ್ತೆರಡು ಮಕ್ಕಳನ್ನು
ಎಣಿಸಿ ಹತ್ತಿಸಿ, ಎಣಿಸಿ ಇಳಿಸುವವಳು;
ಹಿಂದಿನ ಸೀಟಿನಲ್ಲಿ ಇಬ್ಬರು ಉಳಿದುಹೋದಂತೆ
ಆ ಹಾಳೆಯನ್ನೇ ನೋಡಿದಳು.

ಆಗ ಡಬ್ಬಿಯ ವಿಷಯ ಹೇಳಿದೆ.
"ಮುರಿದದ್ದು ನನ್ನ ಡಬ್ಬಿ," ಅಂದಳು.
ಕೊಂಚ ಹೊತ್ತು ಬಿಟ್ಟು,
"ಆದರೂ ಹೇಳಬಹುದಿತ್ತು ನೀನು."

ಮತ್ತೆ ಫೆಬ್ರವರಿ. ಮೊದಲ ಮಂಗಳವಾರ, ಮೊದಲು ಬಂದವಳು ಅವಳೇ.
ಇಲಾಖೆ ಆರು ಅಂಕಿಯ ಗುಟ್ಟೊಂದನ್ನು ಕಳಿಸಿದೆ,
ವರ್ಷಕ್ಕೊಂದು ಹೊಸತು;
ಅದಿಲ್ಲದೆ ಅವಳ ಹೆಸರಲ್ಲಿ ಯಾರ ಲೆಕ್ಕವೂ ಒಳಹೋಗದು.
ಕೀಬೋರ್ಡು ತನ್ನತ್ತ ಎಳೆದುಕೊಂಡು
ಅಂಗೈ ಮರೆಮಾಡಿ ತಾನೇ ಒತ್ತಿದಳು.
ನಾನು ಗೋಡೆ ನೋಡಿದೆ. ಸರಿಯೇ.

ಡಬ್ಬಿಗೆ ಈಗ ಬೀಗವಿದೆ. ಬಸ್ಸಿನ ಬಾಗಿಲಲ್ಲಿ
ತಾಯಂದಿರ ಕೈಗೆ ಚೀಟಿ ಕೊಡುತ್ತಾಳಂತೆ, ತನ್ನದೇ ಅಕ್ಷರದಲ್ಲಿ:
ಮಕ್ಕಳ ಸಂಖ್ಯೆಗೂ ಬೀಗ ಹಾಕಿಸಿ.
ಇಲಾಖೆಯೆಂದು ಫೋನ್ ಬಂದರೆ ಇಟ್ಟುಬಿಡಿ,
ಅವರು ಮೊದಲು ಕಾಗದ ಬರೆಯುತ್ತಾರೆ.

ಹಸಿರು ಫೈಲಿನಲ್ಲಿ ಆ ಮಸಿಹಾಳೆ ಇನ್ನೂ ಇದೆ.
ಚೂರು ಮಾಡಿಬಿಡು, ಅಂದೆ.
ಆಗಲಿ, ಅಂದಳು.
ಮಡಚಿ ಮತ್ತೆ ಒಳಗಿಟ್ಟಳು.